ರೀಲಿನ ಮೈಬಣ್ಣ

ಮನುಷ್ಯನು ತನ್ನ ಉಪಯೋಗಕ್ಕಾಗಿ ನಿರ್ಮಿಸಿಕೊಂಡ ಯಂತ್ರಗಳಲ್ಲಿ ಕೆಲವು ಕಾರ್ಖಾನೆಯ ಗೋಡೆಗಳ ನಡುವೆಯೇ ದುಡಿದು ಅಲ್ಲಿಯೇ ಸವೆದುಹೋಗುತ್ತವೆ; ಮತ್ತೆ ಕೆಲವು ಮನೆಯ ನೆರಳಿನಲ್ಲಿ, ಗೋಡೆಯ ಮೇಲೋ ಮೇಜಿನ ಮೇಲೋ, ನೆಮ್ಮದಿಯ ಆಯುಷ್ಯವನ್ನು ಕಳೆಯುತ್ತವೆ. ಗಾಳದ ಕೋಲಿಗೆ ಬಿಗಿಯುವ ರೀಲೆಂಬ ಪುಟ್ಟ ಯಂತ್ರಕ್ಕಾದರೋ ಈ ಎರಡು ಭಾಗ್ಯಗಳೂ ಇಲ್ಲ. ಗಡಿಯಾರದಲ್ಲಿರುವಂಥ ನಯವಾದ ಹಲ್ಲುಚಕ್ರಗಳನ್ನು ಒಡಲಲ್ಲಿ ಇರಿಸಿಕೊಂಡು ಅದು ಬಿಸಿಲು, ಮಳೆ, ಮರಳು, ಕೆಸರುಗಳ ನಡುವೆ ಬಾಳಬೇಕು. ಹರಿಗೋಲಿನ ತಳದಲ್ಲಿ ಉರುಳಬೇಕು. ನದಿಯ ಬಂಡೆಗಳ ಮೇಲೆ ಒರಗಬೇಕು. ಬಲವಾದ ಮೀನೊಂದು ಗಾಳ ಕಚ್ಚಿ ಮಡುವಿನ ಕಡೆಗೆ ಧಾವಿಸಿದಾಗ ಒದ್ದೆಯಾದ ಕೈಯೊಂದರ ಸಮಸ್ತ ಆವೇಗವನ್ನೂ ತನ್ನ ಮೈಮೇಲೆ ತಾಳಿಕೊಳ್ಳಬೇಕು. ಇಷ್ಟೆಲ್ಲ ಉಪದ್ರವಗಳಿಂದ ಅದರ ಲೋಹವನ್ನು ಕಾಯುವುದು ತೆಳ್ಳನೆಯ ಬಣ್ಣದ ಪದರವೊಂದೇ. ಆ ಪದರವು ಜೀರ್ಣವಾದಾಗ ಅದನ್ನು ತೆಗೆದು ಹೊಸದನ್ನು ಬಳಿಯುವ ಕೆಲಸವನ್ನು ನಾನು ಬಾಲ್ಯದಲ್ಲಿ ಕಂಡು, ಯೌವನದಲ್ಲಿ ಕಲಿತು, ಈ ವಯಸ್ಸಿನವರೆಗೂ ಮನೆಯ ಹಿಂಭಾಗದ ಕೋಣೆಯಲ್ಲಿ ಪ್ರೀತಿಯಿಂದ ನಡೆಸಿಕೊಂಡು ಬಂದಿದ್ದೇನೆ. ಆ ಕೆಲಸವು ನನಗೆ ಕಲಿಸಿದ ವಿವೇಕವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬ ಆಸೆ ಬಹುಕಾಲದ್ದು.

ನಮ್ಮ ತೀರ್ಥರೂಪರು ಮೈಸೂರಿನಲ್ಲಿ ಗಡಿಯಾರ ರಿಪೇರಿಯ ಚಿಕ್ಕ ಅಂಗಡಿಯೊಂದನ್ನು ಇಟ್ಟುಕೊಂಡಿದ್ದರು. ಗಾಳ ಹಾಕುವ ವ್ಯಸನ ಅವರಿಗೆ ಇರಲಿಲ್ಲ. ಮೀನು ತಿನ್ನುವ ಮನೆಯೂ ನಮ್ಮದಲ್ಲ. ಆದರೆ ಮೈಸೂರೆಂಬ ಊರು ಕಾವೇರಿ, ಕಪಿಲೆಗಳ ಮಡಿಲಲ್ಲಿರುವ ಊರು. ದಕ್ಷಿಣ ದೇಶದ ನದಿಗಳಲ್ಲಿ ಗಾಳ ಹಾಕುವ ಇಂಗ್ಲಿಷರ ಪದ್ಧತಿಗೆ ಶಾಸ್ತ್ರಗ್ರಂಥವೆನ್ನಿಸಿಕೊಂಡ ಎಚ್. ಎಸ್. ಥಾಮಸರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಮೂರ್ತಿಗೊಳಿಸುವುದರಲ್ಲಿ ಪ್ರಪಂಚಪ್ರಸಿದ್ಧರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಪಿಲೆಯಿಂದ 120 ಪೌಂಡು ತೂಕದ, ಎಂದರೆ ಸುಮಾರು 54 ಕಿಲೋಗ್ರಾಂ ತೂಗುವ ಮಹಶೀರ್ ಮೀನನ್ನು ಎಳೆದು ತಂದ ವೃತ್ತಾಂತವನ್ನು ನಾನು ಚಿಕ್ಕವನಾಗಿದ್ದಾಗಲೂ ಜನ ಆಶ್ಚರ್ಯದಿಂದ ಹೇಳಿಕೊಳ್ಳುತ್ತಿದ್ದರು. ನದೀತೀರದವರು ಬಿಳಿಮೀನೆಂದು ಕರೆಯುತ್ತಿದ್ದ ಆ ಮತ್ಸ್ಯರಾಜನನ್ನು ಅರಸಿ ಕೊಡಗಿನ ಕಾಫಿ ತೋಟದವರು, ನಿವೃತ್ತ ಸೇನಾಧಿಕಾರಿಗಳು, ಬೆಂಗಳೂರಿನ ಕೆಲವು ಹವ್ಯಾಸಿಗಳು ಬೇಸಗೆಯಲ್ಲಿ ನದಿಗೆ ಹೋಗುತ್ತಿದ್ದರು. ಅವರ ರೀಲು ಕೆಟ್ಟರೆ ಅದನ್ನು ಬಿಚ್ಚಿ ನೋಡುವ ಧೈರ್ಯವುಳ್ಳವನು ಊರಿನಲ್ಲಿ ಗಡಿಯಾರದವನೊಬ್ಬನೇ. ಹೀಗಾಗಿ ನಮ್ಮ ತಂದೆಯವರ ಮೇಜಿನ ಮೇಲೆ ಕೈಗಡಿಯಾರಗಳ ಮಗ್ಗುಲಲ್ಲಿ ರೀಲುಗಳೂ ಬಂದು ಕುಳಿತವು.

ಗಡಿಯಾರಕ್ಕೂ ರೀಲಿಗೂ ಇರುವ ಈ ನಂಟು ಕೇವಲ ನಮ್ಮ ಅಂಗಡಿಯದಲ್ಲವೆಂಬುದು ನನಗೆ ಬಹು ವರ್ಷಗಳ ಅನಂತರ ತಿಳಿಯಿತು. ಅಂದು ಹೆಚ್ಚಾಗಿ ಕಾಣುತ್ತಿದ್ದ ಮಿಚೆಲ್ 300 ಎಂಬ ಕಪ್ಪು ಬಣ್ಣದ ರೀಲು ತಯಾರಾಗುತ್ತಿದ್ದುದು ಫ್ರಾನ್ಸಿನ ಕ್ಲೂಸ್ ಪಟ್ಟಣದಲ್ಲಿ. ಆ ಪಟ್ಟಣವಾದರೋ ತಲೆತಲಾಂತರದಿಂದ ಗಡಿಯಾರದ ಬಿಡಿಭಾಗಗಳನ್ನು ಕಡೆಯುತ್ತ ಬಂದ ಊರು. ಸ್ವೀಡನ್ನಿನ ಸ್ವಾಂಗ್‌ಸ್ಟಾದಲ್ಲಿ ಅಂಬಾಸಡರ್ ಎಂಬ ಕೆಂಪು ರೀಲನ್ನು ಮಾಡಿ ಜಗದ್ವಿಖ್ಯಾತವಾದ ಆಬು ಸಂಸ್ಥೆಯೂ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿಯೇ. ಈ ಸಂಗತಿಯನ್ನು ಓದಿದ ದಿನ, ತಂದೆಯವರು ಮೊದಲ ರೀಲನ್ನು ಬಿಚ್ಚಿದಾಗ ಯಾವ ಅಪರಿಚಿತತೆಯನ್ನೂ ತೋರದೆ, ಬಲ್ಲ ಮನೆಯೊಂದರ ಒಳಗೆ ಹೋಗುವವರಂತೆ ಒಂದೊಂದೇ ತಿರುಪನ್ನು ಸಡಿಲಿಸಿದ್ದು ಏಕೆಂಬುದು ನನಗೆ ಹೊಳೆಯಿತು.

ಬಿಚ್ಚುವ ಕ್ರಮದಲ್ಲಿಯೇ ಅವರ ಶಿಸ್ತು ಕಾಣುತ್ತಿತ್ತು. ಒಗೆದ ಬಿಳಿಯ ಪಂಚೆಯ ತುಂಡೊಂದನ್ನು ಹಾಸಿ, ಎಡಗಡೆಯಿಂದ ಬಲಗಡೆಗೆ, ಹೊರಬಂದ ಅನುಕ್ರಮದಲ್ಲಿಯೇ ಪ್ರತಿಯೊಂದು ಭಾಗವನ್ನೂ ಇಡುತ್ತಿದ್ದರು. ಹಿಡಿಕೆ, ಮುಚ್ಚಳದ ತಿರುಪುಗಳು, ಮುಚ್ಚಳ, ದೊಡ್ಡ ಹಲ್ಲುಚಕ್ರ, ಅದರಡಿಯ ತೆಳ್ಳನೆಯ ಬಿಲ್ಲೆಗಳು; ಬಿಲ್ಲೆಯ ಯಾವ ಮುಖ ಮೇಲಾಗಿತ್ತೋ ಆ ಮುಖವೇ ಬಟ್ಟೆಯ ಮೇಲೆಯೂ ಮೇಲಾಗಿರಬೇಕು. ಕಾವೇರಿಯಿಂದ ಬಂದ ರೀಲುಗಳ ಒಳಗೆ ಒಂದು ವಿಶೇಷವಿರುತ್ತಿತ್ತು. ಬಿಳಿಮೀನಿಗೆ ಮೆಚ್ಚಿನ ಆಹಾರವೆಂದು ಗಾಳಕ್ಕೆ ಕಟ್ಟುತ್ತಿದ್ದುದು ನಮ್ಮ ರಾಗಿಯ ಮುದ್ದೆಯನ್ನೇ. ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆಮಾಡಿ ಗಾಳದ ಮೇಲೆ ಒತ್ತುತ್ತಿದ್ದರು. ಅದೇ ಕೈಯಿಂದ ರೀಲನ್ನು ತಿರುಗಿಸಿದಾಗ ಹಿಡಿಕೆಯ ಸಂದಿನಿಂದ ಒಳಹೊಕ್ಕ ಹಿಟ್ಟು ಹಳೆಯ ಗ್ರೀಸಿನೊಡನೆ ಬೆರೆತು, ಒಣಗಿ, ಗಾರೆಯಂತೆ ಗಟ್ಟಿಯಾಗಿ ಹಲ್ಲುಗಳ ನಡುವೆ ಕುಳಿತಿರುತ್ತಿತ್ತು. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬಿದಿರಿನ ಕಡ್ಡಿಯ ತುದಿಯಿಂದ ಒಂದೊಂದು ಹಲ್ಲಿನ ಸಂದನ್ನೂ ಕೆದಕಿ ತೆಗೆಯುವ ಕೆಲಸ ನನ್ನ ಪಾಲಿನದು. ಉಕ್ಕಿನ ಸೂಜಿಯನ್ನು ಅವರು ಕೊಡುತ್ತಿರಲಿಲ್ಲ; ಹಿತ್ತಾಳೆಯ ಮೇಲೆ ಒಮ್ಮೆ ಬಿದ್ದ ಗೀರನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರೆಂಬುದು ಅವರ ನಂಬಿಕೆ.

ಯಂತ್ರ ಸರಿಹೋದ ಮೇಲೂ ಮೈಬಣ್ಣದ ಸಮಸ್ಯೆ ಉಳಿಯುತ್ತಿತ್ತು. ಎರಕದ ಅಲ್ಯೂಮಿನಿಯಮ್ ಮೈಯ ಮೇಲಿನ ಕಪ್ಪು ಎನಾಮಲ್ ಅಲ್ಲಲ್ಲಿ ಚಕ್ಕೆಯೆದ್ದು, ಆ ಚಕ್ಕೆಗಳ ಅಂಚಿನಲ್ಲಿ ಬಿಳಿಯ ಪುಡಿ ಕಟ್ಟಿರುತ್ತಿತ್ತು. ಕಬ್ಬಿಣದ ತುಕ್ಕಿನಂತೆ ಇದು ಕಣ್ಣಿಗೆ ರಾಚುವುದಿಲ್ಲ. ಆದರೆ ಬಣ್ಣದ ಅಡಿಯಲ್ಲಿ ಮೆಲ್ಲನೆ ಹರಿದಾಡಿ, ಗಟ್ಟಿಯಾಗಿ ಕಾಣುವ ಭಾಗವನ್ನೂ ಸಡಿಲಗೊಳಿಸಿರುತ್ತದೆ. ಈ ಕೆಲಸಕ್ಕೆ ಒದಗಿದವರು ನಮ್ಮ ಪಕ್ಕದ ಮನೆಯಲ್ಲಿದ್ದ, ಅಶೋಕಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳಿಗೆ ಬಣ್ಣ ಹಾಕುತ್ತಿದ್ದ ಹಿರಿಯರು. ಅವರನ್ನು ನಾವು ಮಕ್ಕಳೆಲ್ಲ ಪೇಂಟರ್ ಮಾವ ಎಂದು ಕರೆಯುತ್ತಿದ್ದೆವು. ಬೋಗಿಯ ಅಗಾಧ ಮೈಯಲ್ಲಿ ಕೈ ಪಳಗಿಸಿಕೊಂಡ ಆ ಮನುಷ್ಯ ಅಂಗೈಯಗಲದ ರೀಲನ್ನು ಹಿಡಿದು ಕುಳಿತರೆ ಅವರ ಗಾಂಭೀರ್ಯದಲ್ಲಿ ಎಳ್ಳಷ್ಟೂ ಕೊರತೆಯಾಗುತ್ತಿರಲಿಲ್ಲ.

ಹಳೆಯ ಬಣ್ಣವನ್ನು ತೆಗೆಯುವುದೇ ಮೊದಲ ಪರೀಕ್ಷೆ. ಕಬ್ಬಿಣದ ಸಾಮಾನಾದರೆ ಕಾಸ್ಟಿಕ್ ಸೋಡದ ನೀರಿನಲ್ಲಿ ಅದ್ದಿ ತೆಗೆಯುವ ಪದ್ಧತಿ ಉಂಟು. ಅಲ್ಯೂಮಿನಿಯಮ್ಮಿಗೆ ಅದು ಮೃತ್ಯು. ಆ ಕ್ಷಾರವು ಬಣ್ಣದ ಜೊತೆಗೆ ಲೋಹವನ್ನೂ ಕರಗಿಸುತ್ತದೆ. ನೊರೆಯುಕ್ಕಿ, ಜಲಜನಕ ಹೊರಟು, ನಯವಾಗಿದ್ದ ಮೈ ಕಪ್ಪಿಟ್ಟು ಗುಳಿಬೀಳುತ್ತದೆ. ಆದಕಾರಣ ಪೇಂಟ್ ರಿಮೂವರನ್ನು ಹಳೆಯ ಕುಂಚದಿಂದ ದಪ್ಪವಾಗಿ ಹಚ್ಚಿ, ಬಣ್ಣ ಸುಕ್ಕುಗಟ್ಟುವವರೆಗೆ ಕಾದು, ಮರದ ಚೂರಿನಿಂದ ಕೆರೆದು ತೆಗೆಯಬೇಕು. ಅದರ ಬಳಿಕ ಎಮರಿ ಕಾಗದ: ಮೊದಲು 240ನೆಯ ನಂಬರಿನದು, ಆಮೇಲೆ 400, ಕಡೆಗೆ 600, ಎಲ್ಲವೂ ನೀರಿನಲ್ಲಿ ಅದ್ದಿಯೇ. ಒಣ ಕಾಗದದಿಂದ ಉಜ್ಜುವುದನ್ನು ಪೇಂಟರ್ ಮಾವ ಖಂಡಿತವಾಗಿ ನಿಷೇಧಿಸಿದ್ದರು. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತದೆ. ಆ ಧೂಳು ಉಸಿರಿನೊಡನೆ ಒಳಹೋದರೆ ಮಕ್ಕಳ ಮೈಗೆ ಮಹಾ ಅಪಾಯ. ಆ ಕಾಲದಲ್ಲಿ ಈ ಎಚ್ಚರ ಅಪರೂಪವಾಗಿತ್ತು. ಅವರಿಗೆ ಅದು ವರ್ಕ್‌ಶಾಪಿನಲ್ಲಿ ಜೊತೆಯವರ ಕಾಯಿಲೆಯನ್ನು ಕಂಡು ಬಂದ ಅರಿವು. ನಾನು ಅವಸರಪಟ್ಟು ಬಣ್ಣದ ಡಬ್ಬಿಯ ಕಡೆ ನೋಡಿದರೆ, "ಬಣ್ಣ ಕೊನೇಲಿ ಬರೋದು ಮಗೂ, ಮೊದಲು ತೋಳು ದುಡೀಬೇಕು" ಎನ್ನುತ್ತಿದ್ದರು.

ಅಲ್ಯೂಮಿನಿಯಮ್ಮಿನ ಸ್ವಭಾವ ವಿಚಿತ್ರವಾದದ್ದು. ಉಜ್ಜಿ ಬೆಳಗಿದ ಅದರ ಮೈ ಗಾಳಿಗೆ ತೆರೆದೊಡನೆಯೇ ಕಣ್ಣಿಗೆ ಕಾಣದ ಭಸ್ಮದ ಪೊರೆಯೊಂದನ್ನು ತಾನೇ ತೊಟ್ಟುಕೊಳ್ಳುತ್ತದೆ. ಆ ಪೊರೆ ಲೋಹವನ್ನು ಕಾಯುತ್ತದೆಂಬುದು ನಿಜ. ಆದರೆ ಅದರ ಮೇಲೆ ಬಣ್ಣವು ಬೇರೂರುವುದಿಲ್ಲ. ಆದುದರಿಂದ ಉಜ್ಜುವುದು ಮುಗಿದ ದಿನವೇ, ಬೆರಳಿನ ಜಿಡ್ಡು ತಗುಲದಂತೆ ಥಿನ್ನರಿನಿಂದ ಒರೆಸಿ, ಪ್ರೈಮರ್ ಕೊಡಬೇಕು. ಅಂದು ಸಿಗುತ್ತಿದ್ದುದು ವಿಮಾನಗಳ ಒಳಮೈಗೆ ಬಳಿಯುವ ಹಸಿರುಮಿಶ್ರಿತ ಹಳದಿಯ ಜಿಂಕ್ ಕ್ರೋಮೇಟ್. ಅದು ವಿಷವಸ್ತುವೆಂದು ತಿಳಿದ ಮೇಲೆ ಲೋಹದ ಮೈಯನ್ನು ಕೊಂಚ ಕೊರೆದು ಹಿಡಿಯುವ ಆಮ್ಲಯುಕ್ತ ಎಚ್ ಪ್ರೈಮರನ್ನು ನಾನು ಬಳಸುತ್ತ ಬಂದಿದ್ದೇನೆ. ಕಬ್ಬಿಣದ ಕಿಟಕಿಗೆ ಬಳಿದು ಉಳಿದ ಕೆಂಪು ಸೀಸದ ಪ್ರೈಮರನ್ನೇ ಹಚ್ಚಿಬಿಡುವ ಆಸೆ ಅನೇಕರಿಗೆ. ಸೀಸಕ್ಕೂ ಅಲ್ಯೂಮಿನಿಯಮ್ಮಿಗೂ ಒಗ್ಗದು, ತೇವ ಸೋಕಿದರೆ ಆ ಸಹವಾಸವೇ ಲೋಹವನ್ನು ತಿನ್ನತೊಡಗುತ್ತದೆ.

ಬಣ್ಣ ಹಾಕುವ ದಿನ ಮನೆಯಲ್ಲಿ ಒಂದು ಬಗೆಯ ವ್ರತದ ವಾತಾವರಣವಿರುತ್ತಿತ್ತು. ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಬಾಗಿಲು ಮುಚ್ಚಿ, ಕಿಟಕಿಯೊಂದಕ್ಕೆ ತೆಳ್ಳನೆಯ ಬಟ್ಟೆ ಕಟ್ಟುತ್ತಿದ್ದರು. ರೀಲಿನ ಮೈಯನ್ನು ಸೈಕಲ್ಲಿನ ಕಡ್ಡಿಯೊಂದಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಅದನ್ನು ಎಡೆಬಿಡದೆ ನಿಧಾನವಾಗಿ ತಿರುಗಿಸುತ್ತ, ಬಲಗೈಯ ಅಳಿಲಿನ ಕೂದಲ ಕುಂಚದಿಂದ ಪೇಂಟರ್ ಮಾವ ಬಣ್ಣವನ್ನು ತೆಳ್ಳಗೆ ಎಳೆಯುವ ಚಿತ್ರ ಈಗಲೂ ನನ್ನ ಕಣ್ಣಿನಲ್ಲಿದೆ. ಕುಂಚವು ಬಂದ ದಾರಿಯಲ್ಲಿ ಮರಳಿ ಹೋಗುತ್ತಿರಲಿಲ್ಲ. ಅಂಚಿನಲ್ಲಿ ಹನಿಗೂಡುವ ಮೊದಲೇ ಕಡ್ಡಿಯು ಮಗ್ಗುಲಾಗುತ್ತಿತ್ತು. ಮೊದಲ ಕೋಟಿನಲ್ಲಿ ಪ್ರೈಮರಿನ ಹಳದಿ ಕಾಣಬೇಕು, ಎರಡನೆಯದರಲ್ಲಿ ಮಸುಕಾಗಬೇಕು, ಮೂರನೆಯದರಲ್ಲಿ ಮರೆಯಾಗಬೇಕು ಎಂಬುದು ಅವರ ಸೂತ್ರ. ಒಂದೇ ದಪ್ಪ ಕೋಟಿನಲ್ಲಿ ಮುಗಿಸಿದರೆ ಮೇಲ್ಮೈ ಒಣಗಿ ಒಳಗು ಹಸಿಯಾಗಿಯೇ ಉಳಿದು, ತಿಂಗಳ ಮೇಲೆ ಉಗುರು ತಾಗಿದರೂ ಸುಲಿದು ಬರುತ್ತದೆ. ಮಳೆಗಾಲದಲ್ಲಿ ಅವರು ಕುಂಚ ಹಿಡಿಯುತ್ತಿರಲಿಲ್ಲ. ಗಾಳಿಯ ತೇವದಲ್ಲಿ ಲ್ಯಾಕರ್ ಒಣಗುವಾಗ ಮೈ ಬೆಳ್ಳಗೆ ಮಂಜುಕಟ್ಟಿಬಿಡುತ್ತದೆ. ಬಣ್ಣವಾದ ಭಾಗಗಳನ್ನು ಹಳೆಯ ಬಿಸ್ಕತ್ತಿನ ತಗಡಿನ ಪೆಟ್ಟಿಗೆಯಲ್ಲಿ ತೂಗುಹಾಕಿ, ಒಳಗೆ ವಿದ್ಯುದ್ದೀಪವೊಂದನ್ನು ಹೊತ್ತಿಸಿ, ಆ ಹದವಾದ ಶಾಖದಲ್ಲಿ ರಾತ್ರಿ ಕಳೆಯಲು ಬಿಡುತ್ತಿದ್ದರು. ಬೆಳಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆಯುವ ಅಧಿಕಾರ ನನಗೆ ಸಲ್ಲುತ್ತಿತ್ತು.

ಈ ವಿದ್ಯೆಯಲ್ಲಿ ಬಣ್ಣ ಎಲ್ಲಿ ಬೇಕೆಂಬುದಕ್ಕಿಂತ ಎಲ್ಲಿ ಬೇಡವೆಂಬುದನ್ನು ಅರಿಯುವುದೇ ಹೆಚ್ಚಿನ ಪಾಂಡಿತ್ಯ. ಅಚ್ಚು ಕೂರುವ ರಂಧ್ರ, ತಿರುಪಿನ ಮರೆ, ಮುಚ್ಚಳವು ಮೈಗೆ ಕೂಡುವ ಅಂಚು, ಎಣ್ಣೆ ಬಿಡುವ ಸಣ್ಣ ಕಂಡಿ: ಇವುಗಳೊಳಗೆ ಹನಿ ಬಣ್ಣ ಇಳಿದರೂ ಚಕ್ರದ ಓಟ ಬಿಗಿಯಾಗುತ್ತದೆ. ಅಂಥ ಜಾಗಗಳನ್ನು ಮೊದಲೇ ಮೇಣದಿಂದಲೋ ಕಾಗದದ ಟೇಪಿನಿಂದಲೋ ಮುಚ್ಚಬೇಕು. ಇನ್ನು ಕೆಲವು ರೀಲುಗಳಿಗೆ ಬಣ್ಣವೆಂಬುದೇ ಅನ್ಯಾಯ. ಮೇಲೆ ಹೇಳಿದ ಕೆಂಪು ಅಂಬಾಸಡರಿನ ಕೆಂಪು, ಬಳಿದ ಬಣ್ಣವಲ್ಲ. ವಿದ್ಯುತ್ತಿನ ಸಹಾಯದಿಂದ ಅಲ್ಯೂಮಿನಿಯಮ್ಮಿನ ಆ ಸಹಜ ಪೊರೆಯನ್ನೇ ದಪ್ಪಗೊಳಿಸಿ, ಅದರ ಸೂಕ್ಷ್ಮ ರಂಧ್ರಗಳಲ್ಲಿ ವರ್ಣವನ್ನು ಹೀರಿಸಿ ಮುಚ್ಚಿದ್ದು. ಅದರ ಮೇಲೆ ಕೆಂಪು ಎನಾಮಲ್ ಬಳಿದರೆ ಆ ಆಳದ ಹೊಳಪು ಹೂತುಹೋಗುತ್ತದೆ. ಅಂಥದನ್ನು ಮೃದುವಾಗಿ ತೊಳೆದು, ಒರೆಸಿ, ಎಣ್ಣೆ ಹಾಕಿ ಹಿಂದಿರುಗಿಸುವುದೇ ಧರ್ಮ.

ಈ ಧರ್ಮದ ಅರ್ಥ ನನಗೆ ಮನದಟ್ಟಾದ ಪ್ರಸಂಗವೊಂದುಂಟು. ಕೊಡಗಿನ ಕಾಫಿ ತೋಟದ ಯಜಮಾನರೊಬ್ಬರು ತಮ್ಮ ತಾತನ ಕಾಲದ ಹಾರ್ಡಿ ಪರ್ಫೆಕ್ಟ್ ರೀಲನ್ನು ತಂದರು. ಇಂಗ್ಲೆಂಡಿನ ಆಲ್ನಿಕ್ ಪಟ್ಟಣದಲ್ಲಿ 1872ರಲ್ಲಿ ಆರಂಭವಾದ ಹಾರ್ಡಿ ಸಹೋದರರ ಮನೆಯಿಂದ ಬಂದ ಆ ಮಾದರಿ ಉಕ್ಕಿನ ಗುಂಡುಗಳ ಮೇಲೆ ತಿರುಗುವ ತನ್ನ ನಯವಾದ ಓಟಕ್ಕೆ ಹೆಸರಾದದ್ದು. ಅದರ ಮೈಗೆ ಸೀಸದ ವರ್ಣದ ಮಬ್ಬಾದ ಬೂದುಬಣ್ಣವಿತ್ತು. ಅಂಚಿನ ಒಂದು ಪಕ್ಕದಲ್ಲಿ, ಓಡುವ ಮೀನನ್ನು ತಡೆಯಲು ಬೆರಳು ಒತ್ತುವ ಜಾಗದಲ್ಲಿ, ಆ ಬಣ್ಣ ಪೂರ್ತಿಯಾಗಿ ಸವೆದು ಲೋಹ ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ಮಗನ ಮದುವೆಯ ಉಡುಗೊರೆಯಾಗಿ ಕೊಡಬೇಕು, ಹೊಚ್ಚಹೊಸದಾಗಿ ಕಾಣುವಂತೆ ಬಣ್ಣ ಮಾಡಿಕೊಡಿ ಎಂಬುದು ಅವರ ಬೇಡಿಕೆ. ತಂದೆಯವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಆ ಬೆಳಗುವ ಜಾಗವನ್ನು ತೋರಿಸಿ, "ಸ್ವಾಮಿ, ಮಿಕ್ಕದ್ದೆಲ್ಲ ಕಾರ್ಖಾನೆಯೋರು ಮಾಡಿದ್ದು. ಇದೊಂದು ನಿಮ್ಮ ತಾತ ಮಾಡಿದ್ದು. ಇದರ ಮೇಲೆ ಬಣ್ಣ ಹಾಕಿ ಅಂತ ನಾನು ಹ್ಯಾಗೆ ಹೇಳ್ಲಿ?" ಎಂದರು. ಯಜಮಾನರು ರೀಲನ್ನು ಕೈಗೆ ತೆಗೆದುಕೊಂಡು ತಮ್ಮ ಬೆರಳನ್ನು ಅಲ್ಲಿ ಇಟ್ಟು ನೋಡಿದರು. ಅದು ಅಲ್ಲಿಗೆ ಸರಿಯಾಗಿ ಕೂತಿತು. ಒಳಗಿನ ಗ್ರೀಸನ್ನು ಬದಲಾಯಿಸಿ, ಹಿತ್ತಾಳೆಯ ಕಿಲುಬನ್ನು ಮಾತ್ರ ತೆಗೆದು, ಮೇಣದ ತೆಳ್ಳನೆಯ ಲೇಪ ಕೊಟ್ಟು ತಂದೆಯವರು ಅದನ್ನು ಹಿಂದಿರುಗಿಸಿದರು. ಬಣ್ಣಕ್ಕಾಗಿ ಬರಬಹುದಾಗಿದ್ದ ಹಣ ಹೋಯಿತೆಂಬ ಮಾತು ಅವರ ಬಾಯಿಂದ ಬರಲಿಲ್ಲ.

ಹಾಗಾದರೆ ಮಿಚೆಲಿನ ಸವೆತವನ್ನು ಅಳಿಸಿದ್ದು, ಪರ್ಫೆಕ್ಟಿನ ಸವೆತವನ್ನು ಉಳಿಸಿದ್ದು ಯಾವ ನ್ಯಾಯವೆಂದು ನಾನು ಅಂದು ಕೇಳಿದ್ದುಂಟು. ತಂದೆಯವರ ಉತ್ತರದ ಸಾರ ಹೀಗಿತ್ತು: ಮಿಚೆಲ್ ಬರುವ ಬೇಸಗೆಯಲ್ಲಿ ಮತ್ತೆ ನದಿಗೆ ಹೋಗಬೇಕು, ಬಣ್ಣವಿಲ್ಲದಿದ್ದರೆ ಅದರ ಲೋಹ ಉಳಿಯದು, ಪರ್ಫೆಕ್ಟಿನ ಲೋಹ ಗಟ್ಟಿಯಾಗಿದೆ, ಅದರ ಸವೆತ ರೋಗವಲ್ಲ. ಕೊಳೆತಕ್ಕೆ ಚಿಕಿತ್ಸೆಯುಂಟು, ಸವೆತಕ್ಕೆ ಗೌರವ ಸಲ್ಲಬೇಕು. ಈ ಭೇದವನ್ನು ಕಾಣುವುದಕ್ಕೆ ಶಾಸ್ತ್ರವಿಲ್ಲ; ವಸ್ತುವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೋಡುವ ವ್ಯವಧಾನವೊಂದೇ ದಾರಿ.

ಗಡಿಯಾರದವರಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ರಿಪೇರಿ ಮಾಡಿದವನು ಹಿಂಬದಿಯ ಮುಚ್ಚಳದ ಒಳಮೈಯಲ್ಲಿ, ಸೂಕ್ಷ್ಮವಾದ ಅಕ್ಷರಗಳಲ್ಲಿ, ತನ್ನ ಗುರುತನ್ನೂ ತಾರೀಖನ್ನೂ ಕೊರೆದಿಡುತ್ತಾನೆ. ಮುಂದೆ ಅದನ್ನು ತೆರೆಯುವವನಿಗೆ ಹಿಂದೆ ಆದದ್ದೇನೆಂಬುದು ಅದರಿಂದ ತಿಳಿಯುತ್ತದೆ. ತಂದೆಯವರು ಬಣ್ಣ ಬದಲಾಯಿಸಿದ ರೀಲುಗಳಲ್ಲಿಯೂ ಇದನ್ನು ಪಾಲಿಸಿದರು. ಮುಚ್ಚಳದ ಒಳಗೆ, ಬಣ್ಣ ಸೋಕದ ಜಾಗದಲ್ಲಿ, ತಿಂಗಳು, ಇಸವಿ, ಹಚ್ಚಿದ ಬಣ್ಣದ ಜಾತಿ ಇಷ್ಟನ್ನು ಬರೆದಿಡುತ್ತಿದ್ದರು. ಹೊಸ ಬಣ್ಣವನ್ನು ಹಳೆಯದೆಂದು ತೋರಿಸಿ ಮಾರುವವರು ಈಗ ಇದ್ದಾರೆ; ಹಳೆಯ ಹಾರ್ಡಿಯ ಮೂಲ ವರ್ಣಕ್ಕೆ ಸಂಗ್ರಾಹಕರಲ್ಲಿ ಬಹಳ ಬೆಲೆಯಿರುವುದರಿಂದ ಆ ಆಸೆ ಸಹಜವೇ. ಮುಚ್ಚಳದೊಳಗಿನ ಆ ಒಂದು ಸಾಲು ಅಂಥ ಮೋಸಕ್ಕೆ ಅವಕಾಶ ಕೊಡುವುದಿಲ್ಲ.

ಅಂದಿನಿಂದ ಇಂದಿಗೆ ನದಿ ಬಹಳ ಬದಲಾಗಿದೆ. 1974ರ ಹೊತ್ತಿಗೆ ಕಪಿಲೆಗೆ ಅಣೆಕಟ್ಟು ಬಂದಿತು; ಕಾವೇರಿಯ ಮಡುಗಳಲ್ಲಿ ಸಿಡಿಮದ್ದು ಹಾಕಿ ಮೀನು ಕೊಲ್ಲುವ ಕ್ರೌರ್ಯ ಹಬ್ಬಿತು. ಭೀಮೇಶ್ವರಿಯ ಕಡೆ ಗಾಳ ಹಾಕಿ, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ಬಂದು, ಕೆಲವು ವರ್ಷ ನಡೆದು, ವನ್ಯಧಾಮದ ಕಾನೂನಿನ ಕಾರಣ ಅದೂ ನಿಂತಿತು. ನಮ್ಮ ಬಾಲ್ಯದಲ್ಲಿ ಬಿಳಿಮೀನೆಂದು ಹೇಳಿ ಮುಗಿಸುತ್ತಿದ್ದ, ಬೆನ್ನುಬ್ಬಿದ ಆ ದೊಡ್ಡ ಮಹಶೀರನ್ನು ವಿಜ್ಞಾನಿಗಳು 2018ರಲ್ಲಿ ಟಾರ್ ರೆಮಾದೇವಿ ಎಂಬ ಜಾತಿಯೆಂದು ನಿರ್ಣಯಿಸಿದರು. ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದು ಸೇರಿದೆ. ಕಾವೇರಿಯ ನೀರಿನಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಜೀವವದು. ನನ್ನ ಕೋಣೆಗೆ ಬರುವ ರೀಲುಗಳಲ್ಲಿ ಹೆಚ್ಚಿನವು ಇನ್ನು ಆ ಮೀನನ್ನು ಕಾಣಲಾರವು. ಹಾಗಿದ್ದರೂ ಜನ ತರುತ್ತಾರೆ: ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಒಬ್ಬರು, ಮಾವನವರ ನೆನಪಿಗೆಂದು ಇನ್ನೊಬ್ಬರು. ಅವರಿಗೆ ಬೇಕಾದದ್ದು ಮೀನಲ್ಲ. ತಮ್ಮವರ ಕೈ ಹಿಡಿದದ್ದನ್ನು ತಾವೂ ಹಿಡಿಯುವ ಭಾಗ್ಯ.

ಅಂಥವರ ಮಕ್ಕಳು ಕೆಲವರು ಈಗ ನನ್ನ ಬಳಿ ಕೆಲಸ ಕಲಿಯಲು ಬರುತ್ತಾರೆ. ಅವರಿಗೆ ನಾನು ಮೊದಲು ಕೊಡುವುದು ಕುಂಚವನ್ನಲ್ಲ, ಟಿಪ್ಪಣಿಯ ಪುಸ್ತಕವನ್ನು. ಬಿಚ್ಚುವ ಮೊದಲು ಚಿತ್ರ ತೆಗೆ. ಎಲ್ಲಿ ಚಕ್ಕೆಯೆದ್ದಿದೆ, ಎಲ್ಲಿ ಸವೆದಿದೆ ಎಂಬುದನ್ನು ಬರೆ. ಸವೆತ ಯಾವ ಕೈಯಿಂದ ಆದದ್ದೆಂದು ಊಹಿಸು. ಅದಾದ ಮೇಲೆ ಬಣ್ಣ ಬೇಕೋ ಬೇಡವೋ ಹೇಳು ಎನ್ನುತ್ತೇನೆ. ಹಚ್ಚುವುದಾದರೆ ಮುಂದಿನವನು ಬೇಕೆಂದಾಗ ಲೋಹಕ್ಕೆ ನೋವಾಗದಂತೆ ತೆಗೆದುಹಾಕಬಹುದಾದ ಬಣ್ಣವನ್ನೇ ಹಚ್ಚಬೇಕು. ಮಾಡಿದ್ದನ್ನು ಮರೆಮಾಚದೆ ಮುಚ್ಚಳದೊಳಗೆ ಬರೆಯಬೇಕು. ಒಂದು ರೀಲಿಗೆ ಅದನ್ನು ಎರಕ ಹೊಯ್ದವನೂ, ಹೊಳೆಯ ದಡದಲ್ಲಿ ಹಿಡಿದವನೂ, ಹಳತಾದಾಗ ತೊಳೆದು ಬಣ್ಣ ಬಳಿದವನೂ ಸಮಾನವಾದ ಹಕ್ಕುದಾರರು. ಇನ್ನೂ ಹುಟ್ಟದಿರುವ ಮತ್ತೊಬ್ಬನಿಗೂ ಅದರಲ್ಲಿ ಪಾಲುಂಟು. ನಮ್ಮ ಪಾಲಿನ ಸರದಿಯಲ್ಲಿ ನಾವು ಮಾಡುವ ಕೆಲಸವು ಹಿಂದಿನವರ ಗುರುತನ್ನು ಅಳಿಸದೆ, ಮುಂದಿನವರ ಕೈಯನ್ನು ಕಟ್ಟದೆ ಇದ್ದರೆ, ಮನೆಯ ಮೂಲೆಯಲ್ಲಿ ನಡೆಯುವ ಈ ಸಣ್ಣ ಉದ್ಯೋಗವೂ ಸಾರ್ಥಕವೆಂದು ನಾನು ದೃಢವಾಗಿ ನಂಬುತ್ತೇನೆ.